ಹಜಾರದ ಪಿಯಾನೊ



ಥಾಣೆಯಿಂದ ಕಲ್ಯಾಣದವರೆಗೆ ರೈಲುದಾರಿಯ ಎರಡು ಮಗ್ಗುಲಲ್ಲಿಯೂ ಒತ್ತೊತ್ತಾಗಿ ಎದ್ದು ನಿಂತಿರುವ ಬಹುಮಹಡಿಯ ಮನೆಗಳ ನಡುವೆ, ಶಾಲೆಯಿಂದ ಮರಳಿದ ಮಕ್ಕಳು ಹಾಲು ಕುಡಿದು ತಮ್ಮ ತಮ್ಮ ಎರಡನೆಯ ಶಾಲೆಗಳಿಗೆ ಹೊರಡುವ ಸಾಯಂಕಾಲದ ಹೊತ್ತಿನಲ್ಲಿ, ಕಿವಿಗೊಟ್ಟು ನಡೆಯುವವರಿಗೆ ಬಗೆಬಗೆಯ ನಾದಗಳು ಕೇಳಿಬರುತ್ತವೆ. ಒಂದು ಮಹಡಿಯಲ್ಲಿ ತಬಲೆಯ ಬೋಲು, ಅದರ ಮೇಲಿನದರಲ್ಲಿ ನಾಟ್ಯದ ತಾಳ, ಆಚೆಯ ಕಟ್ಟಡದಲ್ಲಿ ನಮ್ಮ ದಕ್ಷಿಣದವರ ಸರಳೆವರಸೆ. ಇವೆಲ್ಲವನ್ನೂ ದಾಟಿ ಎಲ್ಲಿಂದಲೋ, ತಡೆತಡೆದು, ಎಡವಿದ ಸ್ವರದಿಂದ ಹಿಂದಿರುಗಿ ಮೊದಲಿನಿಂದಲೇ ಪ್ರಾರಂಭವಾಗುವ ಪಿಯಾನೊವಿನ ಆರೋಹಣಾವರೋಹಣ. ಆ ಪಿಯಾನೊ ಇರುವ ಮನೆಯ ಬಾಗಿಲಿನ ಮೇಲೆ ಅನೇಕ ವೇಳೆ ಒಂದು ಚಿಕ್ಕ ಶಿಲುಬೆಯನ್ನೋ ಸತ್ಯವೇದದ ಒಂದು ವಾಕ್ಯವನ್ನೋ ಕಾಣುತ್ತೇವೆ. ಕಲಿಸುತ್ತಿರುವವಳು ಅನೇಕ ವೇಳೆ ಆ ಮನೆಯ ಮಗಳು, ಇನ್ನೂ ವಿವಾಹವಾಗದ ತರುಣಿ. ಆಕೆಯ ವಿಷಯವಾಗಿ, ಆಕೆ ಮಾಡುತ್ತಿರುವ ಕೆಲಸದ ವಿಷಯವಾಗಿ, ಆಕೆಗೆ ಸಲ್ಲಬೇಕಾಗಿದ್ದು ಸಲ್ಲದೆ ಉಳಿದಿರುವ ಗೌರವದ ವಿಷಯವಾಗಿ ಇಂದು ನಾಲ್ಕು ಮಾತುಗಳನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಕಟ್ಟುನಿಟ್ಟಾದ ದೈವಭಕ್ತಿಯ ಮನೆಯೂ ಕಲೆಯೂ ಪರಸ್ಪರ ವಿರೋಧಿಗಳೆಂದು ಭಾವಿಸುವುದು ನಮಗೆ ರೂಢಿಯಾಗಿಬಿಟ್ಟಿದೆ. ಸಿನಿಮಾ ನೋಡಗೊಡದ, ಭಾನುವಾರ ಆಟವಾಡಗೊಡದ, ಕತ್ತಲಾಗುವ ಮೊದಲು ಹೆಣ್ಣುಮಕ್ಕಳು ಮನೆ ಸೇರಬೇಕೆನ್ನುವ ಕುಟುಂಬದಲ್ಲಿ ಸಂಗೀತ ಹೇಗೆ ಬೆಳೆದೀತು ಎಂದು ಕೇಳುವವರುಂಟು. ನಾನು ಕಂಡದ್ದು ಬೇರೆಯೇ. ಅಂಥ ಮನೆಯ ಶಿಸ್ತೇ ಆಕೆಯನ್ನು ಗುರುವನ್ನಾಗಿ ಮಾಡಿತು. ಆಕೆ ವೇದಿಕೆಗೆ ಹೋಗದಂತೆ ತಡೆದ ಸಂಕೋಚವೇ ಊರಿನ ಮಕ್ಕಳು ಆಕೆಯ ಬಳಿಗೆ ಬರುವಂತೆ ಹಜಾರದ ಬಾಗಿಲನ್ನು ತೆರೆಯಿತು. ಇದು ಹೇಗಾಯಿತೆಂಬುದನ್ನು ಅರಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಈ ಪ್ರದೇಶಕ್ಕೆ ಕ್ರೈಸ್ತಧರ್ಮ ನಿನ್ನೆ ಮೊನ್ನೆ ಬಂದುದಲ್ಲ. ಆರನೆಯ ಶತಮಾನದ ಗ್ರೀಕ್ ವರ್ತಕಯಾತ್ರಿಕ ಕಾಸ್ಮಾಸ್ ಪಡುವಣ ಕರಾವಳಿಯ ಕಲ್ಯಾಣದಲ್ಲಿ ಪಾರಸಿಕ ದೇಶದಿಂದ ನಿಯುಕ್ತನಾದ ಬಿಷಪ್ ಒಬ್ಬನಿದ್ದುದನ್ನು ಬರೆದಿಟ್ಟಿದ್ದಾನೆ. 1321ರಲ್ಲಿ ಥಾಣೆಯಲ್ಲಿ ಫ್ರಾನ್ಸಿಸ್ಕನ್ ಪಂಥದ ನಾಲ್ವರು ಸಂನ್ಯಾಸಿಗಳು ಪ್ರಾಣ ತೆತ್ತರು. ಅವರ ಅಸ್ಥಿಗಳನ್ನು ಓಡೋರಿಕ್ ಎಂಬ ಯಾತ್ರಿಕ ಚೀನಾದೇಶದವರೆಗೂ ಒಯ್ದನು. 1534ರ ಒಪ್ಪಂದದಿಂದ ವಸಾಯಿ ಪೋರ್ಚುಗೀಸರ ಕೈಸೇರಿತು. ಅವರ ಕಾಲದಲ್ಲಿ ಕ್ರೈಸ್ತರಾದ ಈ ನೆಲದ ಮರಾಠಿ ಮಕ್ಕಳೇ ಇಂದಿನ ಈಸ್ಟ್ ಇಂಡಿಯನ್ನರು. ಅವರ ಮದುವೆ ಬ್ಯಾಂಡಿನ ವಾದ್ಯಗಳಿಲ್ಲದೆ ನಡೆಯದು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ಮೊದಲ ರೈಲು ಥಾಣೆಗೆ ಬಂದು ನಿಂತ ಮೇಲೆ ಗೋವೆಯವರು, ಮಂಗಳೂರಿನವರು, ಮಲೆಯಾಳದವರು ಒಬ್ಬರ ಹಿಂದೊಬ್ಬರು ಈ ದಾರಿ ಹಿಡಿದರು. 1970ರಲ್ಲಿ ನಗರನಿರ್ಮಾಣದ ಸಿಡ್ಕೊ ಸಂಸ್ಥೆ ಹುಟ್ಟಿ ಖಾರಿಯ ಆಚೆಯ ದಡದಲ್ಲಿ ನವಿಮುಂಬಯಿ ಬೆಳೆಯತೊಡಗಿತು. 1988ರಲ್ಲಿ ಸಿರೋ-ಮಲಬಾರ್ ಸಭೆಗೆ ಕಲ್ಯಾಣವೇ ಒಂದು ಧರ್ಮಪ್ರಾಂತದ ಕೇಂದ್ರವಾಯಿತು. ಹೀಗೆ ಬಂದವರೆಲ್ಲರೂ ತಂತಮ್ಮ ಪ್ರಾರ್ಥನೆಯ ಭಾಷೆಯನ್ನೂ ಹಾಡುವ ರೀತಿಯನ್ನೂ ಜೊತೆಗೆ ತಂದರು.

ಅವರಲ್ಲಿ ಕನ್ನಡವನ್ನು ಪ್ರಾರ್ಥನೆಯ ಭಾಷೆಯನ್ನಾಗಿ ಉಳ್ಳವರೂ ಉಂಟೆಂಬುದನ್ನು ಇಲ್ಲಿಯ ನಮ್ಮ ಜನ ಹಲವೊಮ್ಮೆ ಮರೆಯುತ್ತಾರೆ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಆ ಮಿಶನ್ನಿನ ಮೋಗ್ಲಿಂಗರ 'ಮಂಗಳೂರ ಸಮಾಚಾರ' ಪತ್ರಿಕೆಯನ್ನೂ ಕಿಟ್ಟೆಲರ ನಿಘಂಟನ್ನೂ ನಾವು ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಆದರೆ ಅವರು ಕಟ್ಟಿದ ಸಭೆಗಳಲ್ಲಿ ಬೆಳೆದುಬಂದ ಗಾಯನಸಂಪ್ರದಾಯವನ್ನು ಕುರಿತು ನಮ್ಮಲ್ಲಿ ಮಾತೇ ಇಲ್ಲ. ಆ ಮಿಶನರಿಗಳಲ್ಲಿ ಬಹುಮಂದಿ ದಕ್ಷಿಣ ಜರ್ಮನಿಯ ಪಯಟಿಸ್ಟ್ ಪಂಥದವರು. ನಾಟಕ, ಕುಣಿತ, ಮದ್ಯ, ಆಡಂಬರ ಇವುಗಳಿಂದ ದೂರವಿದ್ದು, ಪ್ರತಿದಿನವೂ ಮನೆಮಂದಿಯೆಲ್ಲ ಕೂಡಿ ವೇದಪಾಠ ಮಾಡಿ, ಮಾಡಿದ ಕೆಲಸಕ್ಕೆ ದೇವರ ಮುಂದೆ ಲೆಕ್ಕ ಒಪ್ಪಿಸಬೇಕೆಂಬ ಭಾವನೆಯವರು. ಆ ಪಂಥ ನಿಷೇಧಿಸಿದ್ದು ಬಹಳ. ಆದರೆ ಒಂದನ್ನು ಮಾತ್ರ ಅದು ಎರಡು ಕೈಗಳಿಂದಲೂ ಕೊಟ್ಟಿತು. ಅದು ಸಾಮೂಹಿಕ ಗೀತ. ಜರ್ಮನಿಯ ಹಳೆಯ ಸ್ತುತಿಗೀತಗಳ ಮಟ್ಟುಗಳು ಕನ್ನಡದ ನುಡಿಗಳನ್ನು ಹೊತ್ತು ಮಂಗಳೂರಿನ ಹೆಂಚಿನ ಮಾಡಿನ ದೇವಾಲಯಗಳಲ್ಲಿ ನಾಲ್ಕು ಸ್ವರಗಳಲ್ಲಿ ಕೇಳಿಬಂದವು: ಹೆಂಗಸರ ಮೇಲಿನ ಸ್ವರ ಸೊಪ್ರಾನೊ, ಅವರದೇ ಕೆಳಗಿನ ಸ್ವರ ಆಲ್ಟೊ, ಗಂಡಸರ ಟೆನರ್, ಅದಕ್ಕೂ ಕೆಳಗೆ ಬಾಸ್.

ಈ ಹೊಂದಿಕೆ ಸುಲಭವಾಗಿ ಆದುದಲ್ಲ. ನಮ್ಮ ಪದ್ಯದ ಜೀವವಿರುವುದು ಲಘುಗುರುಗಳಲ್ಲಿ; ಆ ಮಟ್ಟುಗಳ ಜೀವವಿರುವುದು ಒತ್ತಿನಲ್ಲಿ. ಒತ್ತು ಬೀಳುವ ಎಡೆಯಲ್ಲಿ ಕನ್ನಡದ ಲಘ್ವಕ್ಷರ ಬಂದು ಕುಳಿತರೆ ಅದು ಹಿಗ್ಗಿ ಗುರುವಿನಂತೆ ಕೇಳಿಸುತ್ತದೆ. ದೀರ್ಘಾಕ್ಷರ ಒತ್ತಿಲ್ಲದ ಎಡೆಗೆ ಸಿಕ್ಕರೆ ಮೊಟಕಾಗುತ್ತದೆ. ನಾಗವರ್ಮನ ಛಂದೋಗ್ರಂಥವನ್ನು 1875ರಲ್ಲಿ ಅಚ್ಚು ಹಾಕಿಸಿದ ಕಿಟ್ಟೆಲರಿಗೆ ಈ ಕ್ಲೇಶ ಚೆನ್ನಾಗಿ ತಿಳಿದಿತ್ತು. ಕ್ರಿಸ್ತಚರಿತ್ರೆಯನ್ನು ಅವರು 'ಕಥಾಮಾಲೆ'ಯಲ್ಲಿ ಈ ದೇಶದ ಛಂದಸ್ಸಿನಲ್ಲಿಯೇ ಹೇಳಿದರು. ಆದರೂ ಸಭೆಗಳಲ್ಲಿ ಜರ್ಮನ್ ಮಟ್ಟುಗಳೇ ಬೇರೂರಿದವು. ತಲೆಮಾರಿನಿಂದ ತಲೆಮಾರಿಗೆ ಹಾಡುತ್ತ ಹಾಡುತ್ತ ಜನರ ಕಂಠವೇ ಆ ಒರಟನ್ನು ಸವೆಸಿ, ಎಲ್ಲಿ ಸ್ವಲ್ಪ ನಿಲ್ಲಬೇಕು, ಎಲ್ಲಿ ಅಕ್ಷರವನ್ನು ಹಗುರವಾಗಿ ಬಿಡಬೇಕೆಂಬ ಹದವನ್ನು ಕಂಡುಕೊಂಡಿತು. ಅಂಥ ಒಂದು ಮನೆಯಲ್ಲಿ, ಸಂಜೆಯ ಕುಟುಂಬಪ್ರಾರ್ಥನೆಯಲ್ಲಿ ತಂದೆ ಬಾಸ್ ಹಿಡಿದು, ತಾಯಿ ಮೇಲಿನ ಸ್ವರ ಹಾಡುತ್ತಿರುವಾಗ, ಐದಾರು ವರ್ಷದ ಹೆಣ್ಣುಮಗು ಇಬ್ಬರ ನಡುವೆ ನಿಂತು ಬೆಳೆಯುತ್ತದೆ ಎಂದರೆ ಆ ಕಿವಿಗೆ ಬೇರೆ ಪಾಠಶಾಲೆ ಬೇಕೆ?

ವಾದ್ಯದ ವಿಷಯದಲ್ಲಿ ಮಾತ್ರ ಕ್ರೈಸ್ತಸಭೆಗಳು ಎಂದೂ ಏಕಾಭಿಪ್ರಾಯದಲ್ಲಿ ಇದ್ದಿಲ್ಲ. ಸ್ವಿಟ್ಜರ್ಲೆಂಡಿನ ಜ್ಯೂರಿಚ್ ನಗರದ ಸುಧಾರಕ ತ್ಸ್ವಿಂಗ್ಲಿ ಸ್ವತಃ ಹಲವು ವಾದ್ಯಗಳನ್ನು ಬಲ್ಲವನಾಗಿದ್ದೂ ಆರಾಧನೆಯಿಂದ ಸಂಗೀತವನ್ನು ದೂರಮಾಡಿದನು. 1527ರಲ್ಲಿ ಅಲ್ಲಿಯ ಮಹಾದೇವಾಲಯದ ಆರ್ಗನ್ನನ್ನು ಒಡೆದು ತೆಗೆದರು. ಲೂಥರನಾದರೋ ಸಂಗೀತವನ್ನು ದೈವಶಾಸ್ತ್ರದ ಪಕ್ಕದಲ್ಲಿಯೇ ಕೂಡಿಸಿದನು. ಇಂದಿಗೂ ವಾದ್ಯವಿಲ್ಲದೆ ಬರಿಯ ಕಂಠದಿಂದಲೇ ಹಾಡುವ ಸಭೆಗಳು ಉಂಟು. ಕಥೋಲಿಕ ಸಭೆಯಲ್ಲಿಯೂ ಪಿಯಾನೊವಿಗೆ ಸುಲಭವಾದ ಪ್ರವೇಶವಿರಲಿಲ್ಲ. 1903ರ ನವೆಂಬರ್ 22ರಂದು ಹತ್ತನೆಯ ಪಯಸ್ ಪೋಪರು ಹೊರಡಿಸಿದ ಆಜ್ಞೆಯಲ್ಲಿ ದೇವಾಲಯದೊಳಗೆ ಪಿಯಾನೊ ನುಡಿಸಕೂಡದೆಂದು ಸ್ಪಷ್ಟವಾಗಿ ವಿಧಿಸಲಾಯಿತು; ಅದೇ ಆಜ್ಞೆ, ಗಾಯಕರ ಸ್ಥಾನ ಧಾರ್ಮಿಕ ಸೇವೆಯ ಸ್ಥಾನವಾದುದರಿಂದ ಸ್ತ್ರೀಯರು ಗಾಯನಮಂಡಳಿಯಲ್ಲಿ ಸೇರುವಂತಿಲ್ಲವೆಂದೂ ಹೇಳಿತು. ಆ ದಿನ ಸಂಗೀತದ ರಕ್ಷಕಸಂತಳಾದ ಸೆಸೀಲಿಯಳ ಹಬ್ಬ. ಆ ಆಜ್ಞೆಯ ಉದ್ದೇಶ ಆರಾಧನೆಯನ್ನು ರಂಗಭೂಮಿಯ ಸಂಗೀತದಿಂದ ಶುದ್ಧಗೊಳಿಸುವುದಾಗಿತ್ತೆಂಬುದನ್ನು ನಾನು ಬಲ್ಲೆ. ಆದರೂ ವಾದ್ಯವನ್ನೂ ಹೆಣ್ಣನ್ನೂ ಒಂದೇ ಪತ್ರದಲ್ಲಿ ಹೊರಗೆ ನಿಲ್ಲಿಸಿದ ಈ ಸಂಗತಿಯನ್ನು ಓದುವಾಗ ಮನಸ್ಸಿಗೆ ನೋವಾಗುತ್ತದೆ. ಸ್ತ್ರೀಕಂಠಕ್ಕೆ ಮತ್ತೆ ಅನುಮತಿ ದೊರೆತದ್ದು 1955ರಲ್ಲಿ. ಇತರ ವಾದ್ಯಗಳಿಗೆ ಬಾಗಿಲು ಸಡಿಲವಾದದ್ದು ಎರಡನೆಯ ವ್ಯಾಟಿಕನ್ ಮಹಾಸಭೆಯ 1963ರ ನಿರ್ಣಯದ ತರುವಾಯ.

ದೇವಾಲಯದಲ್ಲಿ ಎಡೆಯಿಲ್ಲದ ಪಿಯಾನೊವಿಗೆ ಮನೆಯಲ್ಲಿ ಎಡೆ ದೊರೆಯಿತು. 1700ರ ಸುಮಾರಿನಲ್ಲಿ ಫ್ಲಾರೆನ್ಸಿನ ಮೆಡಿಚಿ ಆಸ್ಥಾನದಲ್ಲಿ ಕ್ರಿಸ್ಟೊಫೊರಿ ಎಂಬ ಕುಶಲಿ ತಂತಿಯನ್ನು ಮೀಟುವುದಕ್ಕೆ ಬದಲಾಗಿ ಚಿಕ್ಕ ಸುತ್ತಿಗೆಯಿಂದ ಹೊಡೆಯುವ ಯಂತ್ರವನ್ನು ರಚಿಸಿ, ಬೆರಳಿನ ಬಲಕ್ಕೆ ತಕ್ಕಂತೆ ಮೆಲುದನಿಯನ್ನೂ ಗಟ್ಟಿದನಿಯನ್ನೂ ಪಡೆಯುವುದನ್ನು ಸಾಧ್ಯಮಾಡಿದನು. ಮುಂದಿನ ಶತಮಾನದಲ್ಲಿ ಅದು ಯೂರೋಪಿನ ಗೃಹಸ್ಥರ ಹಜಾರವನ್ನು ಸೇರಿತು. ನೆಟ್ಟಗೆ ಕುಳಿತು, ಮುಖಭಾವ ಕೆಡದೆ, ಮನೆ ಬಿಟ್ಟು ಹೋಗದೆ ನುಡಿಸಬಹುದಾದ ವಾದ್ಯವಾದುದರಿಂದ ಅದು ಮರ್ಯಾದಸ್ಥರ ಹೆಣ್ಣುಮಕ್ಕಳಿಗೆ ಯೋಗ್ಯವೆನಿಸಿತು. ತಂದೆಯ ಕಠಿನಶಿಕ್ಷಣದಲ್ಲಿ ಬೆಳೆದ ಪಿಯಾನೊವಾದಕಿ ಕ್ಲಾರಾ ಶೂಮನ್ನಳು ಲೋಕಪ್ರಸಿದ್ಧೆಯಾದ ಬಳಿಕವೂ, ಮಕ್ಕಳ ತಾಯಿಯಾಗಿ ವಿಧವೆಯಾಗಿ, 1878ರಿಂದ ಫ್ರಾಂಕ್‌ಫರ್ಟಿನ ಸಂಗೀತಶಾಲೆಯಲ್ಲಿ ಪಿಯಾನೊ ಕಲಿಸಿದಳು. ನಮ್ಮಲ್ಲಿ ಗೋವೆಯ ಇಗರ್ಜಿ ಶಾಲೆಗಳು ಹದಿನಾರನೆಯ ಶತಮಾನದಿಂದಲೂ ಸ್ವರಲಿಪಿಯನ್ನು ಕಲಿಸಿದವು. ಅಲ್ಲಿ ಕಲಿತ ಗಂಡಸರು ಮುಂಬಯಿಗೆ ಬಂದು ಬ್ಯಾಂಡುಗಳನ್ನೂ ಚಲನಚಿತ್ರದ ವಾದ್ಯವೃಂದಗಳನ್ನೂ ತುಂಬಿದರು. ಆ ಗಂಡಸರ ನಡುವೆ ಲುಸಿಲಾ ಪಚೇಕೊ ಎಂಬ ಒಬ್ಬಾಕೆ ಪಿಯಾನೊ ನುಡಿಸುತ್ತಿದ್ದರು. ಮುಂಬಯಿಯ ಓಲ್ಗಾ ಕ್ರೇನ್ ವಾದಕಿಯಾಗಿಯೂ ಗುರುವಾಗಿಯೂ ಹೆಸರಾದರು. ಕನ್ನಡನಾಡಿನಲ್ಲಿ ಮೈಸೂರಿನ ಭಕ್ತಿವಂತ ಕಥೋಲಿಕ ಮನೆತನದ ಫಿಲೊಮಿನಾ ತಂಬುಚೆಟ್ಟಿ ಪಿಟೀಲನ್ನು ಕಲಿಯಲು ಪ್ಯಾರಿಸ್ಸಿನವರೆಗೂ ಹೋದರು. ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರು ಸ್ವತಃ ಪಿಯಾನೊ ಬಲ್ಲವರಾಗಿ, ಮರವೆಗೆ ಸಂದಿದ್ದ ರಷ್ಯನ್ ವಾಗ್ಗೇಯಕಾರ ಮೆಟ್ನರನ ಕೃತಿಗಳು ಗ್ರಾಮಫೋನಿನಲ್ಲಿ ಮುದ್ರಿತವಾಗುವಂತೆ ಧನಸಹಾಯ ಮಾಡಿದರು. ಈ ಹೆಸರುಗಳನ್ನು ಇತಿಹಾಸ ಬರೆದಿಟ್ಟುಕೊಂಡಿದೆ. ಹಜಾರದಲ್ಲಿ ಕುಳಿತು ನೂರಾರು ಮಕ್ಕಳ ಬೆರಳುಗಳನ್ನು ತಿದ್ದಿದವರ ಹೆಸರನ್ನು ಅದು ಬರೆದಿಲ್ಲ. ನನ್ನ ಮಾತು ಅವರ ಪರವಾಗಿ.

ಡೊಂಬಿವಲಿಯ ಒಬ್ಬ ತರುಣಿಯನ್ನು ನಾನು ಹತ್ತಿರದಿಂದ ಬಲ್ಲೆ. ಹೆಸರು ಹೇಳುವುದನ್ನು ಆಕೆ ಒಪ್ಪಲಾರರು. ಉಡುಪಿಯ ಕಡೆಯ ಹಳೆಯ ಬಾಸೆಲ್ ಮಿಶನ್ ಕುಟುಂಬ. ತಂದೆ ಅಂಬರನಾಥದ ಕಾರ್ಖಾನೆಯೊಂದರಲ್ಲಿ ಕೆಲಸಮಾಡಿ ನಿವೃತ್ತರಾದವರು. ಮನೆಯಲ್ಲಿರುವುದು ನೆಟ್ಟಗೆ ನಿಲ್ಲುವ ಹಳೆಯ ಪಿಯಾನೊ. ಕೊಂಕಣದ ಮಳೆಗಾಲವೇ ಈ ವಾದ್ಯದ ಶತ್ರು. ಒಳಗಿರುವ ಇನ್ನೂರಕ್ಕೂ ಮಿಕ್ಕ ತಂತಿಗಳು ಒಟ್ಟಿನಲ್ಲಿ ಸುಮಾರು 20 ಟನ್ನಿನ ಎಳೆತದಿಂದ ಕಬ್ಬಿಣದ ಚೌಕಟ್ಟನ್ನು ಹಿಡಿದಿರುತ್ತವೆ. ಗಾಳಿ ತೇವವಾದೊಡನೆ ಹಲಗೆ ಉಬ್ಬುತ್ತದೆ, ಶ್ರುತಿ ಜರುಗುತ್ತದೆ, ಸುತ್ತಿಗೆಗಳಿಗೆ ಹೊದಿಸಿದ ಉಣ್ಣೆಬಟ್ಟೆ ಬೂಷ್ಟು ಹಿಡಿಯುತ್ತದೆ. ಆದುದರಿಂದ ಜೂನ್ ಬಂತೆಂದರೆ ತಂದೆ ಕೆಳಗಿನ ಹಲಗೆಯನ್ನು ಬಿಚ್ಚಿ ಒಳಗೊಂದು ಚಿಕ್ಕ ದೀಪವನ್ನು ಹೊತ್ತಿಸಿಡುತ್ತಾರೆ. ಅದರ ಕಾವಿನಿಂದ ವಾದ್ಯದ ಒಡಲು ಒಣಗಿರುತ್ತದೆ. ನುಸಿ ತಾಗದಂತೆ ಡಾಂಬರುಗುಳಿಗೆಯ ಪೊಟ್ಟಣವೊಂದನ್ನು ಮೂಲೆಗೆ ಕಟ್ಟುತ್ತಾರೆ. ಮಗಳ ವೃತ್ತಿಯ ಬಗ್ಗೆ ಅವರು ಮೆಚ್ಚಿಕೆಯ ಮಾತಾಡಿದ್ದನ್ನು ನಾನು ಕೇಳಿಲ್ಲ. ಆ ದೀಪವನ್ನು ಮಾತ್ರ ಒಂದು ವರ್ಷವೂ ಮರೆತವರಲ್ಲ.

ಪಾಠವಾದರೋ ನೋಡತಕ್ಕದ್ದು. ಎಂಟು ವರ್ಷದ ಹುಡುಗ ಬಂದು ಕುಳಿತ. ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರು ಬಿಳಿಯ ಮನೆಗಳನ್ನು, ಅಂದರೆ ವಾದ್ಯದ ಒತ್ತುಪಟ್ಟಿಗಳನ್ನು, ಒತ್ತಿದ ಮೇಲೆ ಹೆಬ್ಬೆರಳು ನಡುಬೆರಳಿನ ಕೆಳಗಿನಿಂದ ನುಸುಳಿ ನಾಲ್ಕನೆಯ ಮನೆಗೆ ಹೋಗಬೇಕು. ಅಲ್ಲಿಂದ ಐದು ಬೆರಳೂ ಸಾಲಾಗಿ ನಡೆದರೆ ಎಂಟನೆಯ ಸ್ವರ ಕಿರುಬೆರಳಿಗೆ ಸಿಗುತ್ತದೆ. ಕೇಳುವುದಕ್ಕೆ ಸುಲಭ. ಆದರೆ ಹೆಬ್ಬೆರಳು ಒಳಹೊಗುವ ಕ್ಷಣದಲ್ಲಿ ಮಗುವಿನ ಮೊಣಕೈ ಹೊರಕ್ಕೆ ಚಿಮ್ಮುತ್ತದೆ, ಮಣಿಕಟ್ಟು ತಗ್ಗುತ್ತದೆ, ಆ ನಾಲ್ಕನೆಯ ಸ್ವರ ಬಡಿದಂತೆ ಗಟ್ಟಿಯಾಗಿ ಬರುತ್ತದೆ. ಆಕೆ ಬೈಯುವುದಿಲ್ಲ, ಹೊಗಳುವುದೂ ಇಲ್ಲ. ತಮ್ಮ ಎರಡು ಬೆರಳನ್ನು ಅವನ ಮಣಿಕಟ್ಟಿನ ಅಡಿಗೆ ಆನಿಸಿ, "ಇನ್ನೊಮ್ಮೆ" ಎನ್ನುತ್ತಾರೆ. ಮತ್ತೆ ತಪ್ಪುತ್ತದೆ. "ಕೈ ನೋಡಬೇಡ ಮಗಾ, ಕಿವಿಯಿಂದ ಕೇಳು; ನಾಲ್ಕನೆಯವನು ಯಾಕೆ ಕೂಗುತ್ತಾನೆ?" ಹುಡುಗ ಕೇಳುತ್ತಾನೆ, ನಾಲ್ಕನೆಯ ಸ್ವರ ಕೂಗುತ್ತಿರುವುದು ಅವನಿಗೇ ತಿಳಿಯುತ್ತದೆ, ತಿಳಿದ ಮೇಲೆ ಮೊಣಕೈ ತಾನಾಗಿ ಒಳಕ್ಕೆ ಬರುತ್ತದೆ. ಇಷ್ಟಾಗುವುದಕ್ಕೆ ಅರ್ಧ ಗಂಟೆ ಬೇಕಾಯಿತು. ಅಷ್ಟು ಹೊತ್ತೂ ಆಕೆಯ ಧ್ವನಿಯಲ್ಲಿ ಒಂದು ಎಳೆ ಬೇಸರ ಸುಳಿಯಲಿಲ್ಲ.

ಈ ತಾಳ್ಮೆ ಎಲ್ಲಿಂದ ಬಂತೆಂದು ಯೋಚಿಸಿದಾಗ ನನಗೆ ತೋರಿದ್ದು ಇದು: ಆಕೆ ಸಭೆಯ ಗಾಯನಮಂಡಳಿಯಲ್ಲಿ ಬಾಲ್ಯದಿಂದ ಆಲ್ಟೊ ಹಾಡಿದವರು. ಆಲ್ಟೊ ಹಾಡುವವರಿಗೆ ಹಾಡಿನ ಮಟ್ಟು ಎಂದೂ ಸಿಗುವುದಿಲ್ಲ. ಜನ ಮನೆಗೆ ಗುನುಗುತ್ತ ಹೋಗುವುದು ಮೇಲಿನ ಸ್ವರವನ್ನು, ದೇವಾಲಯದ ನೆಲ ಮಿಡಿಯುವುದು ಬಾಸಿಗೆ. ನಡುವಿನ ಸ್ವರ, ಒಂದೇ ಎಡೆಯಲ್ಲಿ ಮೂರು ನಾಲ್ಕು ಮಾತ್ರೆ ನಿಂತು, ಪಕ್ಕದ ಸ್ವರಕ್ಕೆ ಸ್ವಲ್ಪವೇ ಸರಿದು, ಮೇಲಿನವರು ಎಡವದಂತೆ ಕೆಳಗಿನವರು ಬೇರೆಯಾಗದಂತೆ ನೋಡಿಕೊಳ್ಳುತ್ತದೆ. ಅದಿಲ್ಲವಾದರೆ ಹಾಡು ಬರಿದಾಗುತ್ತದೆಯೇ ವಿನಾ ಏನು ಹೋಯಿತೆಂದು ಕೇಳುಗರಿಗೆ ಗೊತ್ತಾಗುವುದಿಲ್ಲ. ಇಪ್ಪತ್ತು ವರ್ಷ ಆ ಸ್ವರದಲ್ಲಿ ನಿಂತ ಕಿವಿ ಮಗುವಿನ ಐದು ಬೆರಳುಗಳಲ್ಲಿ ಯಾವುದು ಸೋಲುತ್ತಿದೆಯೆಂಬುದನ್ನು ನೋಡದೆಯೇ ಹೇಳಬಲ್ಲದು. ಪಾಠದಲ್ಲಿ ಯಾವ ವಾಕ್ಯವನ್ನು ನುಡಿಸಬೇಕಾದರೂ ಆಕೆ ಮೊದಲು ಅದನ್ನು ಹಾಡಿಸುತ್ತಾರೆ, ಬಾಯಿಗೆ ಬಂದ ಕನ್ನಡದ ನುಡಿಯಿಟ್ಟು, ಮರಾಠಿಯ ಮಗುವಾದರೆ ಮರಾಠಿಯ ನುಡಿಯಿಟ್ಟು. ಉಸಿರು ಎಲ್ಲಿ ನಿಲ್ಲುತ್ತದೆಯೋ ಬೆರಳು ಅಲ್ಲಿ ಏಳಬೇಕು. ಇದು ಆ ಹಳೆಯ ಗೀತಪುಸ್ತಕದಿಂದ ಬಂದ ವಿದ್ಯೆಯೆಂದು ನಾನು ನಂಬುತ್ತೇನೆ.

ನಮ್ಮ ಮನೆಗಳ ಮಕ್ಕಳು ಅಲ್ಲಿಗೆ ಹೋದಾಗ ಮತ್ತೊಂದು ರಮ್ಯವಾದ ಸಂಗತಿ ನಡೆಯುತ್ತದೆ. ಮೂರು ಕಪ್ಪು ಮನೆಗಳ ಗುಂಪಿನಲ್ಲಿ ಮೊದಲನೆಯದನ್ನು ಷಡ್ಜವಾಗಿಟ್ಟು ಕಪ್ಪು ಮನೆಗಳನ್ನಷ್ಟೇ ಒತ್ತುತ್ತ ಹೋದರೆ ಮೋಹನರಾಗದ ಸ್ವರಗಳು ಬರುತ್ತವೆ. ಬಿಳಿಯ ಮನೆಗಳು ತಾವಾಗಿಯೇ ಶಂಕರಾಭರಣ. ಸರಳೆವರಸೆಯ ಮಾಯಾಮಾಳವಗೌಳಕ್ಕೆ ರಿಷಭವನ್ನೂ ಧೈವತವನ್ನೂ ಕಪ್ಪು ಮನೆಗೆ ಇಳಿಸಿದರಾಯಿತು. ಇದನ್ನು ತಾನೇ ಕಂಡುಹಿಡಿದ ಒಬ್ಬ ಹುಡುಗಿಯ ಮುಖವನ್ನು ನಾನು ನೋಡಿದ್ದೇನೆ. ಆದರೆ ಆ ಹುಡುಗಿ ಗಾಂಧಾರವನ್ನು ಸ್ವಲ್ಪ ಅಲುಗಿಸಲು ಹೋದಳು, ಮನೆ ಅಲುಗಲಿಲ್ಲ. ಪಿಯಾನೊವಿನ ಸ್ಥಾಯಿಯಲ್ಲಿ ಹನ್ನೆರಡು ಸ್ವರಗಳು ಸಮಾನಾಂತರದಲ್ಲಿ ನಿಂತುಬಿಟ್ಟಿವೆ. ಎರಡರ ನಡುವೆ ಜಾರುವ ದಾರಿಯಿಲ್ಲ, ಗಮಕವಿಲ್ಲ. ಹಾರ್ಮೋನಿಯಮ್ಮಿಗೂ ಇರುವ ಈ ಕೊರತೆಯ ಕಾರಣದಿಂದಲೇ ನಮ್ಮ ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತ್ತು. ಆ ಆಕ್ಷೇಪದಲ್ಲಿ ಸತ್ಯವುಂಟು. ಆದರೆ ವೀಣೆಯ ಶೇಷಣ್ಣನವರಂಥ ಮಹಾವೈಣಿಕರು ಪಿಯಾನೊವನ್ನೂ ಕೈಗೆ ತೆಗೆದುಕೊಂಡಿದ್ದರು. ಮುತ್ತುಸ್ವಾಮಿ ದೀಕ್ಷಿತರು ಬ್ಯಾಂಡಿನ ಮಟ್ಟುಗಳನ್ನು ಕೇಳಿ ಸಂಸ್ಕೃತದಲ್ಲಿ ನೊಟ್ಟುಸ್ವರಗಳನ್ನು ರಚಿಸಿದರು. ಡೊಂಬಿವಲಿಯ ಗುರು ಆ ಹುಡುಗಿಗೆ ಹೇಳಿದ್ದು ಇಷ್ಟೇ: "ಅದು ನಿನ್ನ ಕಂಠದಲ್ಲಿ ಇದೆ, ಇದರಲ್ಲಿ ಇಲ್ಲ. ಇದರಲ್ಲಿ ಇರುವುದು ಎರಡು ಕೈ ಒಟ್ಟಿಗೆ ಎರಡು ಮಾತಾಡುವುದು. ಎರಡನ್ನೂ ಕಲಿ."

ಮಕ್ಕಳ ತಾಯಿತಂದೆಗಳ ವಿಷಯದಲ್ಲಿ ಈಗ ಸ್ವಲ್ಪ ನಿಷ್ಠುರವಾಗಿ ಮಾತಾಡಬೇಕಾಗಿದೆ. 1872ರಲ್ಲಿ ಸ್ಥಾಪಿತವಾದ ಲಂಡನ್ನಿನ ಟ್ರಿನಿಟಿ ಕಾಲೇಜಿನವರು ನಡೆಸುವ ಪರೀಕ್ಷೆಗಳು ನಮ್ಮಲ್ಲಿ ಬಹಳ ಪ್ರಚಾರದಲ್ಲಿವೆ. ಒಂದರಿಂದ ಎಂಟರವರೆಗೆ ಗ್ರೇಡುಗಳು, ನೂರಕ್ಕೆ 60 ಬಂದರೆ ತೇರ್ಗಡೆ, 75ಕ್ಕೆ ಮೆರಿಟ್, 87ಕ್ಕೆ ಡಿಸ್ಟಿಂಕ್ಷನ್. ಪರೀಕ್ಷೆ ಕೆಟ್ಟದ್ದಲ್ಲ. ನೋಡಿದೊಡನೆ ಓದಿ ನುಡಿಸುವುದು, ಕೇಳಿ ಗುರುತಿಸುವುದು ಇವೆಲ್ಲ ಅದರಲ್ಲಿ ಸೇರಿವೆ. ಹಜಾರದಲ್ಲಿ ಕಲಿಸುವವಳ ಕೆಲಸಕ್ಕೆ ಅದು ಹೊರಗಿನವರ ಒಂದು ಮುದ್ರೆಯನ್ನೂ ಕೊಡುತ್ತದೆ. ಆದರೆ ವರ್ಷಕ್ಕೊಂದು ಗ್ರೇಡು ಏರಲೇಬೇಕೆಂದು, ಇಡೀ ವರ್ಷ ಪರೀಕ್ಷೆಯ ಮೂರೇ ಕೃತಿಗಳನ್ನು ಮಗುವಿನಿಂದ ಉರುಹೊಡೆಸಬೇಕೆಂದು, ಪಕ್ಕದ ಮನೆಯ ಮಗು ಮುಂದೆ ಹೋಯಿತೆಂದು ಗುರುವನ್ನು ಪೀಡಿಸುವುದು ಅನ್ಯಾಯ. ಮಗುವಿಗೆ ಮನೆಯಲ್ಲಿ ಅಭ್ಯಾಸಕ್ಕೆ ಇರುವುದು 61 ಮನೆಗಳ ಕ್ಯಾಸಿಯೋ ಕೀಬೋರ್ಡು. ಎಷ್ಟು ಮೆಲ್ಲಗೆ ಒತ್ತಿದರೂ ಒಂದೇ ದನಿ ಕೊಡುವ ಅಗ್ಗದ ವಾದ್ಯವೇ ಬಹುಪಾಲು. ವಾರಕ್ಕೆ ಒಂದು ಗಂಟೆ ಮಾತ್ರ ಅದು ನಿಜವಾದ ಪಿಯಾನೊ ಮುಟ್ಟುತ್ತದೆ. ಪರೀಕ್ಷೆ ಮುಗಿದೊಡನೆ, ಹತ್ತನೆಯ ತರಗತಿ ಬಂತೆಂದು, ಪಾಠವನ್ನೇ ನಿಲ್ಲಿಸಿಬಿಡುತ್ತಾರೆ. ಗಣಪತಿ ಹಬ್ಬದ ತಿಂಗಳಲ್ಲಿ ಎರಡು ಪಾಠ ತಪ್ಪಿದವೆಂದು ಫೀಸನ್ನು ಕಡಿದು ಕೊಡುವವರೂ ಉಂಟು. ಪಿಯಾನೊವಿನ ಶ್ರುತಿ ಸರಿಪಡಿಸಲು ಬರುವವನು ಹಬ್ಬವೆಂದು ಕಡಮೆ ತೆಗೆದುಕೊಳ್ಳುವುದಿಲ್ಲವಲ್ಲ.

ಹಬ್ಬದ ಮಾತು ಬಂದುದರಿಂದ ಒಂದು ಪ್ರಸಂಗವನ್ನು ಹೇಳುತ್ತೇನೆ. ಸೊಸೈಟಿಯ ಗಣೇಶೋತ್ಸವದ ಕಾರ್ಯಕ್ರಮಕ್ಕೆ ಮಗನಿಗೊಂದು ಹಿಂದಿ ಚಿತ್ರಗೀತೆ ಕಲಿಸಿಕೊಡಿರೆಂದು ಒಬ್ಬ ತಾಯಿ ಕೇಳಿಕೊಂಡರು. ಆ ಮನೆಯ ಪಿಯಾನೊವಿನಲ್ಲಿ ಸಿನಿಮಾದ ಹಾಡು ನುಡಿಸುವುದಿಲ್ಲವೆಂಬುದು ತಂದೆಯ ನಿಯಮ. ತಂದೆ ಒಳಕೋಣೆಯಲ್ಲಿ ಪತ್ರಿಕೆ ಓದುತ್ತ ಕುಳಿತಿದ್ದರು; ಎಲ್ಲ ಮಾತೂ ಅವರಿಗೆ ಕೇಳಿಸುತ್ತಿತ್ತು. ಆಕೆ ನಿಯಮವನ್ನು ಮುರಿಯಲೂ ಇಲ್ಲ, ಮಗುವಿನ ಆಸೆಯನ್ನು ನೂಕಲೂ ಇಲ್ಲ. "ಆಂಟಿ, ಹಾಡಿನ ಮಟ್ಟನ್ನು ಅವನೇ ಮನೆಯಲ್ಲಿ ಕ್ಯಾಸಿಯೋದಲ್ಲಿ ಕಿವಿಯಿಂದ ಹುಡುಕಲಿ. ಸಿಕ್ಕಿದ ಮೇಲೆ ಬರಲಿ, ಎಡಗೈಗೆ ಯಾವ ಮೂರು ಸ್ವರ ಕೂಡುತ್ತವೆ ಅಂತ ನಾನು ಹೇಳಿಕೊಡುತ್ತೇನೆ" ಎಂದರು. ಹುಡುಗ ಆರು ದಿನ ಒದ್ದಾಡಿ ಮಟ್ಟನ್ನು ಹುಡುಕಿಕೊಂಡು ಬಂದ. ಬರೆದುಕೊಟ್ಟಿದ್ದರೆ ಅವನಿಗೆ ಹಾಡು ದೊರೆಯುತ್ತಿತ್ತು; ಹುಡುಕಿದ್ದರಿಂದ ಕಿವಿ ದೊರೆಯಿತು. ತಂದೆಯ ಕಟ್ಟಳೆಯ ಒಳಗೆ ನಿಂತೇ ಆಕೆ ಕಂಡುಕೊಂಡ ಈ ದಾರಿ, ಕಟ್ಟಳೆಯಿಲ್ಲದ ಮನೆಯಲ್ಲಿ ಆಕೆಗೆ ಹೊಳೆಯುತ್ತಿತ್ತೋ ಇಲ್ಲವೋ ನಾನು ಹೇಳಲಾರೆ.

ಹಾಗೆಂದು ಆ ಕಟ್ಟಳೆಗಳೆಲ್ಲ ನ್ಯಾಯವೆಂದು ನಾನು ಸಾಧಿಸುತ್ತಿಲ್ಲ. ಸಭೆಯ ಗಾಯನಮಂಡಳಿಯನ್ನು ತಿದ್ದುವ ಶಕ್ತಿ ಆಕೆಗಿದೆ. ಮುಂದೆ ನಿಂತು ಕೈಯಾಡಿಸುವ ಸ್ಥಾನವನ್ನು ಹಿರಿಯರು ಈವರೆಗೆ ಆಕೆಗೆ ಕೊಟ್ಟಿಲ್ಲ. ವಾಶಿಯಲ್ಲಿಯೂ ಐರೋಲಿಯಲ್ಲಿಯೂ ಕಲಿಯಬೇಕೆನ್ನುವ ಮಕ್ಕಳಿದ್ದಾರೆ; ಥಾಣೆಯಲ್ಲಿ ರೈಲು ಬದಲಿಸಿದರೆ ಹೋಗಿಬರಬಹುದು, ಆದರೆ ರಾತ್ರಿಯ ಪ್ರಯಾಣ ಮನೆಯವರಿಗೆ ಒಪ್ಪಿಗೆಯಿಲ್ಲ. ಮದುವೆಯ ಮಾತುಕತೆ ಬಂದಾಗಲೆಲ್ಲ ಪಾಠ ಮುಂದುವರಿಯುವುದೋ ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನಲವತ್ತು ಮಕ್ಕಳ ವಿದ್ಯೆ ಆ ಪ್ರಶ್ನೆಯ ಮೇಲೆ ನಿಂತಿದೆ. ಇವನ್ನು ಆಕೆಯ ಮನೆಯವರೂ ಸಭೆಯವರೂ ವಿಚಾರಮಾಡಬೇಕೆಂದು ವಿನಯದಿಂದ ಬೇಡುತ್ತೇನೆ.

ನಮ್ಮ ಕನ್ನಡಿಗರ ಸಂಘಗಳಿಗೂ ಒಂದು ಬಿನ್ನಹವುಂಟು. ಥಾಣೆಯ ಗಡ್ಕರಿ ರಂಗಾಯತನದಲ್ಲಿ, ಡೊಂಬಿವಲಿಯ ಸಾವಿತ್ರಿಬಾಯಿ ಫುಲೆ ನಾಟ್ಯಗೃಹದಲ್ಲಿ, ಕಲ್ಯಾಣದ ಆಚಾರ್ಯ ಅತ್ರೆ ರಂಗಮಂದಿರದಲ್ಲಿ, ವಾಶಿಯ ವಿಷ್ಣುದಾಸ ಭಾವೆ ನಾಟ್ಯಗೃಹದಲ್ಲಿ ನಾವು ಯಕ್ಷಗಾನವನ್ನೂ ನಾಟಕವನ್ನೂ ದಾಸರ ಪದಗಳನ್ನೂ ಏರ್ಪಡಿಸಬಲ್ಲೆವಾದರೆ, ನೂರೈವತ್ತು ವರ್ಷಕ್ಕೂ ಮೀರಿದ ಕನ್ನಡದ ಸ್ತುತಿಗೀತಗಳನ್ನೂ ಒಂದು ಸಂಜೆ ನಾಲ್ಕು ಸ್ವರಗಳಲ್ಲಿ ಹಾಡಿಸಬಹುದು. ಅವೂ ನಮ್ಮ ಭಾಷೆಯ ಸಂಪತ್ತೇ. ಆಕೆಯ ಶಿಷ್ಯರಲ್ಲಿ ಟೆನರ್ ಹಾಡಬಲ್ಲ ಇಬ್ಬರು ಹುಡುಗರು ಈಗ ಸಿದ್ಧರಾಗಿದ್ದಾರೆ, ಒಬ್ಬ ಕುಂದಾಪುರದ ಹೋಟೆಲಿನವರ ಮಗ, ಇನ್ನೊಬ್ಬ ಮರಾಠಿ. ಬಾಸಿಗೆ ತಂದೆಯೇ ನಿಲ್ಲುವುದಾಗಿ ಒಪ್ಪಿದ್ದಾರೆ. ಪಿಯಾನೊವನ್ನು ಮೂರನೆಯ ಮಹಡಿಯಿಂದ ಇಳಿಸುವುದು ಆಗದ ಮಾತು. ಎಂಬತ್ತೆಂಟು ಮನೆಗಳ, ಬೆರಳಿನ ಭಾರವನ್ನು ಅರಿಯುವ ವಾದ್ಯವೊಂದನ್ನು ಬಾಡಿಗೆಗೆ ತರಿಸಿ, ಗಾಯಕರ ಮುಂದೆ ನಿಂತು ನಡೆಸುವ ಸ್ಥಾನವನ್ನು ಆಕೆಗೆ ಕೊಡುವುದಕ್ಕೆ ಯಾವ ಸಂಘದವರು ಮುಂದೆ ಬಂದರೂ, ಅವರನ್ನು ಆ ಮನೆಗೆ ಕರೆದೊಯ್ದು ಹಿರಿಯರೊಡನೆ ಮಾತಾಡಿಸುವ ಹೊಣೆಯನ್ನು ನಾನು ಹೊರುತ್ತೇನೆ. ಮಳೆ ನಿಂತು ಶ್ರುತಿ ಮಾಡುವವನು ಬಂದುಹೋದ ಮೇಲೆ, ಅಕ್ಟೋಬರಿನಿಂದ, ಅಭ್ಯಾಸಕ್ಕೆ ಶನಿವಾರದ ಮಧ್ಯಾಹ್ನಗಳು ಅನುಕೂಲವೆಂದು ಆಕೆ ತಿಳಿಸಿದ್ದಾರೆ.